ಹನ್ನೆರಡನೆಯ ಮುಖ

ಮ್ಯೂಸಿಯಮ್ಮಿನ ಪ್ರವೇಶದ ಅರ್ಜಿಯ ಕೊನೆಯಲ್ಲಿ ನಾಲ್ಕು ಚೌಕಗಳಿದ್ದವು. ದಬ್ಬಾಳಿಕೆಯ ಆ ವರ್ಷಗಳಲ್ಲಿ ತಾವು: ಬಂಧಿತರು, ಬಂಧಿತರ ಸಂಬಂಧಿಕರು, ವಿದ್ಯಾರ್ಥಿ, ಇತರೆ. ಯಾವುದಕ್ಕೆ ಗುರುತು ಹಾಕಬೇಕೆಂದು ಅವನು ಪೆನ್ನು ಹಿಡಿದು ನಿಂತೇ ಇದ್ದ. ಹಿಂದಿದ್ದ ಗಂಡ ಹೆಂಡತಿ ಮೊದಲು ಗಂಟಲು ಕೆರೆದರು, ಆಮೇಲೆ ಕಂಬವನ್ನು ಬಳಸುವಂತೆ ಅವನನ್ನು ಬಳಸಿಕೊಂಡು ಮುಂದೆ ಹೋಗಿ, ಟಿಕೆಟ್ಟು ಪಡೆದು ಒಳಗೂ ಹೋಗಿಬಿಟ್ಟರು. ಆಗ ಅವನಿಗೆ ಇಪ್ಪತ್ತೇಳು ವರ್ಷ, ತಿಂಗಳ ಸಂಬಳದ ಕೆಲಸ, ಮದುವೆಯಾಗಿ ಎರಡು ವರ್ಷ. ಯಾವ ಮೆರವಣಿಗೆಯಲ್ಲೂ ಇದ್ದವನಲ್ಲ, ಯಾವ ಪಟ್ಟಿಯಲ್ಲೂ ಹೆಸರಿದ್ದವನಲ್ಲ. ಅಂಥವನಿಗೆ ನಾಲ್ಕನೆಯ ಚೌಕವೇ ಸರಿ ಎಂದುಕೊಂಡು ಗೀಟು ಹಾಕಿ ಕೊಟ್ಟ. ಕೌಂಟರಿನ ಹುಡುಗಿ ಕಾಗದವನ್ನು ತಿರುಗಿಸಿ ವಾಪಸು ತಳ್ಳಿದಳು. "ಇತರೆ ಅಂದ್ರೆ ಏನು ಅಂತ ಪಕ್ಕದಲ್ಲಿ ಬರೀಬೇಕು ಅಂಕಲ್." ಅವನು ಬರೆದ: ಫೋಟೋ ಕೆಲಸ. ಅವಳ ಕಣ್ಣು ಅರಳಿತು. "ಅಯ್ಯೋ, ನೀವು ಫೋಟೋಗ್ರಾಫರಾ? ಆಗ ತೆಗೆದ ಫೋಟೋ ಏನಾದ್ರೂ ಇಟ್ಕೊಂಡಿದೀರಾ? ನಮ್ಮ ಮೇಡಂ ಅಂಥವರನ್ನೇ ಹುಡುಕ್ತಿರ್ತಾರೆ." ಫೋಟೋಗ್ರಾಫರ್ ಅಲ್ಲಮ್ಮ, ಬರೀ ಟಚಿಂಗ್ ಎಂದ. ಹಾಗೆಂದರೇನು ಎಂದಳು. ಮೊಡವೆ ತೆಗೆಯೋದು, ಕಣ್ಣ ಕೆಳಗಿನ ಕಪ್ಪು ತೆಗೆಯೋದು, ಮೆಳ್ಳೆಗಣ್ಣಿದ್ದರೆ ಸ್ವಲ್ಪ ನೇರ ಮಾಡೋದು ಎಂದು ಅವನು ವಿವರಿಸುತ್ತಿದ್ದಂತೆಯೇ ಅವಳು ನಕ್ಕು, "ಓ, ಫಿಲ್ಟರ್!" ಅಂದಳು. ಮೂವತ್ತು ವರ್ಷದ ಕಸುಬು ಒಂದೇ ಮಾತಿನಲ್ಲಿ ಮುಗಿಯಿತು. ಅವನಿಗೆ ಸಿಟ್ಟೇನೂ ಬರಲಿಲ್ಲ, ಹಾಗೆ ಮುಗಿದದ್ದೇ ಹಿತವೆನಿಸಿತು. ಆಮೇಲೆ ಅವಳು ಗುಂಡಗಿನ ಒಂದು ಅಂಟುಚೀಟಿ ತೆಗೆದು, ಬೇಡ ಬೇಡ ಎನ್ನುವಷ್ಟರಲ್ಲಿ ಅವನ ಅಂಗಿಯ ಎದೆಗೆ ಅಂಟಿಸಿ, ಮಗುವಿಗೆ ಮಾಡುವಂತೆ ಮೇಲಿಂದ ತಟ್ಟಿದಳು. ಅದರ ಮೇಲೆ ದಪ್ಪಕ್ಷರದಲ್ಲಿ "ನಾನು ಅಂದು ಇದ್ದೆ" ಎಂದಿತ್ತು. ನಾಲ್ಕು ಹೆಜ್ಜೆ ನಡೆದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಹೆಗಲ ಚೀಲದ ಪಟ್ಟಿಯನ್ನು ಅದರ ಮೇಲೆ ಎಳೆದುಕೊಂಡ.

ಮ್ಯೂಸಿಯಂ ತೆರೆದು ಮೂರು ವರ್ಷವಾಗಿತ್ತು. ಗೇಟಿನವರೆಗೆ ಬಂದು ಹಿಂದಿರುಗಿದ್ದು ಎಷ್ಟು ಸಲವೋ ಲೆಕ್ಕ ಇಟ್ಟಿಲ್ಲ. ಹಾಗೇ ಸಾಗುತ್ತಿತ್ತೋ ಏನೋ, ಆದರೆ ಎರಡು ತಿಂಗಳ ಹಿಂದೆ ಅವನ ಮನೆಯ ಹತ್ತಿರದ ಬಸ್ ಸ್ಟಾಪಿನಲ್ಲಿ ಆ ಮುಖ ಬಂದು ಕೂತಿತು. ಆಳೆತ್ತರದ ಜಾಹೀರಾತು, ಕೆಳಗೆ "ಇವರನ್ನು ಮರೆಯದಿರೋಣ" ಎಂಬ ಸಾಲು. ಮೇಲೆ ನೂರು ಪಟ್ಟು ಹಿಗ್ಗಿದ ಹುಡುಗನ ಮುಖ, ನೀರು ಹಚ್ಚಿ ಬಾಚಿದ ತಲೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ನೋಡಬೇಕು, ಸಂಜೆ ವಾಕಿಂಗ್ ಮುಗಿಸಿ ಬರುವಾಗ ನೋಡಬೇಕು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವಂಥ ಬದುಕು ಅವನದು. ಹೆಂಡತಿ ಹೋಗಿ ಎರಡು ವರ್ಷವಾದ ಮೇಲೆ ಕೋಣೆಯಲ್ಲಿ ಕೇಳಿಸುವ ಮನುಷ್ಯರ ದನಿ ಎಂದರೆ ರೇಡಿಯೋದ್ದು ಮಾತ್ರ. ಅಂಥವನಿಗೆ ದಿನಾ ಎದುರಾಗುವ ಮುಖ ಒಂದೇ, ಅದೂ ತಾನೇ ಮಾಡಿದ ಮುಖ. ಒಂದು ದಿನ ಯಾವನೋ ಕಿಡಿಗೇಡಿ ಅದಕ್ಕೆ ಮೀಸೆ ಬರೆದುಬಿಟ್ಟಿದ್ದ. ಅವನು ಕರವಸ್ತ್ರಕ್ಕೆ ಎಂಜಲು ಹಚ್ಚಿಕೊಂಡು, ಬಸ್ಸಿಗೆ ಕಾದಿದ್ದವರೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರೂ ಲೆಕ್ಕಿಸದೆ, ಹತ್ತು ನಿಮಿಷ ಉಜ್ಜಿ ಉಜ್ಜಿ ಒರೆಸಿದ. "ನಿಮ್ಮ ಕಡೆಯವರಾ?" ಎಂದು ಒಬ್ಬಾಕೆ ಮೆಲ್ಲಗೆ ಕೇಳಿದಳು. ಬಾಯಿ ತಪ್ಪಿ ಹೂಂ ಎಂದುಬಿಟ್ಟ. ಆಕೆ ಎದ್ದು ಅವನಿಗೆ ಬೆಂಚು ಬಿಟ್ಟುಕೊಟ್ಟಳು. ಆ ಬೆಂಚಿನ ಮೇಲೆ ಕೂತಿದ್ದಷ್ಟು ಹೊತ್ತೂ ಅವನ ಮೈ ಉರಿಯುತ್ತಿತ್ತು. ಹೇಳಿಬಿಡಬೇಕು, ಆ ಹುಡುಗನ ಮನೆಯವರು ಯಾರಾದರೂ ಇದ್ದರೆ ಅವರಿಗೆ ಹೇಳಿಬಿಡಬೇಕು ಎಂದು ಅವತ್ತೇ ತೀರ್ಮಾನಿಸಿದ್ದು. ತೀರ್ಮಾನ ಕಾಲಿಗೆ ಇಳಿಯಲು ಇನ್ನೂ ಮೂರು ವಾರ ಬೇಕಾಯಿತು.

ಮೊದಲ ಕೋಣೆಯಲ್ಲಿ ಕರಪತ್ರ ಅಚ್ಚು ಹಾಕುತ್ತಿದ್ದ ಕೈಯಂತ್ರ, ಗಾಜಿನೊಳಗೆ ಒಂದು ಜೊತೆ ಕ್ಯಾನ್ವಾಸ್ ಬೂಟು, ಮಸಿ ಮೆತ್ತಿದ ಬನಿಯನ್. ಎರಡನೆಯದರಲ್ಲಿ ಕಿವಿಗೆ ಹಚ್ಚಿಕೊಂಡು ಕೇಳುವ ದನಿಗಳು. ಯಾರೋ ಮುದುಕ ತಾನು ಹುಡುಗನಾಗಿದ್ದಾಗ ಗೋಡೆ ಹಾರಿದ್ದನ್ನು ನಗುನಗುತ್ತ ಹೇಳುತ್ತಿದ್ದ. ಇವನು ಹೆಡ್‌ಫೋನನ್ನು ಕೊಕ್ಕೆಗೆ ಸಿಕ್ಕಿಸಿ ಮುಂದೆ ನಡೆದ. ಗಾಜಿನ ಕೆಳಗಿಟ್ಟ ಪತ್ರಗಳ ಮೇಲೆ ಬಾಗಿದಾಗ ಸ್ಟುಡಿಯೋದ ಒಳಕೋಣೆಯಲ್ಲಿದ್ದ ತನ್ನ ಓರೆ ಹಲಗೆಯ ನೆನಪಾಯಿತು. ನಡುವೆ ಮಂಜುಗಾಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸುವ ಕನ್ನಡಿ, ಗಾಜಿನ ಮೇಲೆ ನೆಗೆಟಿವ್. ಪೆನ್ಸಿಲನ್ನು ಉಪ್ಪುಕಾಗದದ ಮೇಲೆ ಸೂಜಿಯ ಹಾಗೆ ಮಸೆದು, ಉಸಿರು ಬಿಗಿಹಿಡಿದು ಚುಕ್ಕೆ ಇಡಬೇಕು. ಪೇಟೆಯ ಅರ್ಧಕ್ಕರ್ಧ ಜನರ ಮುಖ ಅವನ ಬೆರಳ ತುದಿಯಲ್ಲಿ ಹಾದುಹೋಗಿತ್ತು. ಕನ್ನಡಿಯಲ್ಲಿ ನೋಡಿಕೊಂಡದ್ದಕ್ಕಿಂತ ಫೋಟೋದಲ್ಲಿ ನಾವೇ ಚೆಂದ ಎಂದು ಮದುಮಕ್ಕಳು ಹೇಳುತ್ತಿದ್ದರು. ಹೇಳುತ್ತಿದ್ದದ್ದು ಯಜಮಾನರಿಗೆ. ಒಳಗಿನ ಕೋಣೆಯಲ್ಲಿ ಕೂತವನ ಹೆಸರು ಯಾರಿಗೂ ಬೇಕಿರಲಿಲ್ಲ, ಟಚಿಂಗ್ ಎಂದರೆ ಕೆಲಸವೂ ಅದೇ, ಆಳೂ ಅದೇ. "ಟಚಿಂಗ್ ಇದಾನಾ?" ಎಂದು ಆ ಮಧ್ಯಾಹ್ನ ಯಜಮಾನರು ಪರದೆ ಸರಿಸಿದಾಗ ಹಿಂದೆ ಒಬ್ಬ ಪೊಲೀಸ್ ಅಧಿಕಾರಿ ನಿಂತಿದ್ದ. ಸಾದಾ ಬಟ್ಟೆ, ಮೃದುವಾದ ಮಾತು. ಲಕೋಟೆಯಿಂದ ಒಂದು ಫೋಟೋ ತೆಗೆದು ಹಲಗೆಯ ಮೇಲಿಟ್ಟ. ಎದುರು ಕಟ್ಟಡದಿಂದ ಯಾರೋ ಕದ್ದು ತೆಗೆದದ್ದು. ಒಂದು ಕೋಣೆ, ಎಡಕ್ಕೊಂದು ಕಿಟಕಿ, ಗುಟ್ಟಾಗಿ ಸಭೆ ಸೇರಿ ನೆಲದ ಮೇಲೆ ಕೂತ ಹುಡುಗ ಹುಡುಗಿಯರು ಹನ್ನೆರಡು ಜನ. ಒಂದೊಂದು ಮುಖವನ್ನೂ ಬೇರೆ ಬೇರೆ ದೊಡ್ಡದು ಮಾಡಿಕೊಡಬೇಕು ಎಂದ. ಹನ್ನೊಂದು ಸಲೀಸು. ಕಿಟಕಿಯ ಪಕ್ಕದ ಹನ್ನೆರಡನೆಯವನು ಮಾತ್ರ ಅದೇ ಗಳಿಗೆಯಲ್ಲಿ ತಲೆ ತಿರುಗಿಸಿಬಿಟ್ಟಿದ್ದ. ಮುಖ ಇರಬೇಕಾದಲ್ಲಿ ಒರೆಸಿದ ಹಾಗೆ ಒಂದು ಬಿಳುಪು, ಅಷ್ಟೇ.

"ಇದು ಆಗಲ್ಲ ಅನ್ಸುತ್ತೆ ಅಲ್ವಾ?" ಎಂದಿದ್ದ ಅಧಿಕಾರಿ. "ಆಗದೇ ಇದ್ರೆ ಬಿಡಿ. ಹನ್ನೊಂದು ಸಾಕು." ಆ ಮಾತನ್ನು ನಲವತ್ತೆರಡು ವರ್ಷಗಳಿಂದ ಅವನು ತಿರುವಿ ಮುರುವಿ ನೋಡಿದ್ದಾನೆ. ಅದರಲ್ಲಿ ಗದರಿಕೆ ಇರಲಿಲ್ಲ, ಮಸಲತ್ತೂ ಇರಲಿಲ್ಲ. ಬಿಟ್ಟಿದ್ದರೆ ಆಗುತ್ತಿತ್ತು. ಯಜಮಾನರೂ ತಲೆಯಾಡಿಸಿದ್ದರು. ಆದರೆ ಅವನ ಕೈ ಸುಮ್ಮನಿರಲಿಲ್ಲ. "ನೋಡೋಣ ಸಾರ್, ಮೂರು ದಿನ ಕೊಡಿ," ಎಂದದ್ದು ಅವನೇ. ಆ ಮೂರು ದಿನ ಬೇರೆ ಎಲ್ಲ ಕೆಲಸ ಬದಿಗಿಟ್ಟು, ಆ ಬಿಳುಪಿನೊಳಗೆ ಒಂದು ಮುಖವನ್ನು ಹುಡುಕಿದ. ಸಿಗುವುದಿಲ್ಲ ಎಂದು ಮೊದಲ ದಿನವೇ ತಿಳಿದಿತ್ತು. ಎರಡನೆಯ ದಿನ ಕೈ ತಾನೇ ತಾನಾಗಿ ಹರಿಯತೊಡಗಿತು. ಒಂದು ದವಡೆ ಬಂತು, ಮೂಗು ಬಂತು, ಮೇಲ್ತುಟಿಯ ಪುಟ್ಟ ಕೊಂಕು ಬಂತು, ಹಣೆಯ ಮೇಲೆ ಒಪ್ಪವಾಗಿ ಬಾಚಿದ ಕೂದಲು ಕೂಡ ಬಂತು. ಮುಗಿದದ್ದನ್ನು ಮತ್ತೆ ಫೋಟೋ ಹೊಡೆದು ಹೊಸ ಪ್ರಿಂಟು ತೆಗೆದ. ಕುಂಚದ ಗೆರೆ, ಪೆನ್ಸಿಲಿನ ಗೆರೆ ಎಲ್ಲ ಅದರಲ್ಲಿ ಮುಳುಗಿ ಹೋಯಿತು. ಅಧಿಕಾರಿ ಪ್ರಿಂಟನ್ನು ಕಿಟಕಿಗೆ ಹಿಡಿದು ನೋಡಿ, "ಭಲೇ," ಅಂದ. "ಎಂಥ ಕೈ ರೀ ನಿಮ್ದು!" ಎಂದು ಯಜಮಾನರನ್ನಲ್ಲ, ಅವನನ್ನೇ ನೋಡಿ ಅಂದ. ಕಂಡದ್ದೆಷ್ಟು, ಬರೆದದ್ದೆಷ್ಟು ಎಂದು ಯಾರೂ ಕೇಳಲಿಲ್ಲ. ಅವನು ಅವತ್ತು ಮನೆಗೆ ಶಿಳ್ಳೆ ಹಾಕುತ್ತ ಹೋದ. ಹೆಂಡತಿಗೆ ಆ ಮಾತನ್ನು ಮೂರು ಸಲ, ಅಧಿಕಾರಿಯ ದನಿಯಲ್ಲೇ ಹೇಳಿ ತೋರಿಸಿದ. ಅವಳು ನಕ್ಕು ನಕ್ಕು, ಇನ್ನು ನಿಮ್ಮ ತಲೆ ಬಾಗಿಲಲ್ಲಿ ಹಿಡಿಯಲ್ಲ ಬಿಡಿ ಅಂದಿದ್ದಳು. ಅದು ಯಾರ ಮುಖ ಎಂಬುದು ಗೊತ್ತಾದದ್ದು ತಿಂಗಳ ಮೇಲೆ, ಪೇಪರಿನಲ್ಲಿ ಸಿಕ್ಕಿಬಿದ್ದವರ ಪಟಗಳ ಸಾಲು ಬಂದಾಗ. ಹನ್ನೆರಡನೆಯದು ಅವನದೇ ಸ್ಟುಡಿಯೋದ ಹಾಲ್ ಟಿಕೆಟ್ ಫೋಟೋ. ಅಧಿಕಾರಿ ಬರುವುದಕ್ಕೆ ವಾರದ ಮುಂಚೆ ಪರೀಕ್ಷೆಗೆಂದು ಬಂದು ತೆಗೆಸಿಕೊಂಡು ಹೋಗಿದ್ದ ಹುಡುಗ. ಆ ಹುಡುಗನ ನೆಗೆಟಿವ್ ಟಚ್ ಮಾಡಿದ್ದ ಕೈಗೆ ಆ ಮುಖದ ರುಚಿ ಇನ್ನೂ ಹೋಗಿರಲಿಲ್ಲ, ಅಷ್ಟೇ. ಕಾಲೇಜಿನ ಗುಮಾಸ್ತ ಹಾಲ್ ಟಿಕೆಟ್ಟನ್ನೂ ಆ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು, ಇವನೇ ಎಂದು ತೋರಿಸಿದ್ದನಂತೆ. ಗುಮಾಸ್ತನನ್ನು ಏನೆನ್ನುವುದು? ಮುಖ ಅದೇ ಆಗಿತ್ತಲ್ಲ.

ಮೂರನೆಯ ಕೋಣೆ ಉದ್ದಕ್ಕಿತ್ತು. ಟೆಲಿಫೋನ್ ಎಕ್ಸ್‌ಚೇಂಜ್ ಆಗಿದ್ದ ಕಟ್ಟಡವಂತೆ ಅದು, ನೆಲದಲ್ಲಿ ತಂತಿ ಹಾದಿದ್ದ ಕಾಲುವೆಗಳಿಗೆ ಸಿಮೆಂಟು ಮೆತ್ತಿದ ಗುರುತು ಇನ್ನೂ ಕಾಣುತ್ತಿತ್ತು. ಗೋಡೆಯ ತುಂಬ ಆ ಫೋಟೋ, ಅದರ ಕೆಳಗೆ ಸಾಲಾಗಿ ಹನ್ನೆರಡು ಮುಖಗಳು. ಪೊಲೀಸ್ ಕಡತಗಳಲ್ಲಿ ದೊರೆತದ್ದು ಎಂದು ಬರೆದಿತ್ತು. ಅವನು ನಡೆಯುತ್ತಲೇ ಲೆಕ್ಕ ಹಾಕಿದ: ಎಲ್ಲರಿಗೂ ಕಿಟಕಿಯ ಬೆಳಕು ಎಡದಿಂದ ಬಿದ್ದಿದೆ, ಎಲ್ಲರ ಮೂಗಿನ ನೆರಳೂ ಬಲಕ್ಕಿದೆ. ಹನ್ನೆರಡನೆಯವನ ನೆರಳು ಎಡಕ್ಕೆ. ಸ್ಟುಡಿಯೋದಲ್ಲಿ ದೀಪ ಇದ್ದದ್ದು ಬಲಕ್ಕೆ. ಇಷ್ಟು ದೊಡ್ಡ ತಪ್ಪನ್ನು ಅಧಿಕಾರಿ ಕಾಣಲಿಲ್ಲ, ನ್ಯಾಯಾಧೀಶ ಕಾಣಲಿಲ್ಲ, ಮ್ಯೂಸಿಯಮ್ಮಿನ ಪಂಡಿತರೂ ಕಾಣಲಿಲ್ಲ. ತನ್ನ ಕೆಲಸದಲ್ಲಿ ಹೀಗೊಂದು ಕುಂದು ಉಳಿದದ್ದಕ್ಕೆ ಕಸುಬಿನವನಾಗಿ ನಾಚಿಕೆಯಾಯಿತು. ನಾಚಿಕೆಯಾದದ್ದು ಬರೀ ಆ ಕುಂದಿಗಲ್ಲವೇ ಎಂದು ಆಮೇಲೆ ಹೊಳೆದು, ತನ್ನ ಮೇಲೇ ಹೇಸಿಗೆಯಾಯಿತು. ಮುಖದ ಕೆಳಗಿನ ಬರಹವನ್ನು ಓದಿದ. ಭೂವಿಜ್ಞಾನದ ವಿದ್ಯಾರ್ಥಿ, ಹತ್ತೊಂಬತ್ತು ವರ್ಷ, ನಾಲ್ಕು ತಿಂಗಳ ಚಿತ್ರಹಿಂಸೆಯಲ್ಲೂ ಸಂಗಡಿಗರ ಬಗ್ಗೆ ಒಂದೇ ಒಂದು ಮಾತನ್ನೂ ಆಡದೆ ಪ್ರಾಣ ಬಿಟ್ಟ. ಆಡುವುದಕ್ಕೆ ಆ ಹುಡುಗನಲ್ಲಿ ಏನಿತ್ತು? ಗೊತ್ತಿಲ್ಲ ಎಂದಿರಬೇಕು, ಹೊಡೆದಾಗಲೆಲ್ಲ ಗೊತ್ತಿಲ್ಲ ಎಂದಿರಬೇಕು. ಆ ಕೋಣೆಯಲ್ಲಿ ಅದಕ್ಕಿಂತ ನಿಜವಾದ ಮಾತನ್ನು ಯಾರೂ ಆಡಿರಲಾರರು.

"ಕೂತ್ಕೊಳ್ಳಿ, ನಿಂತು ನಿಂತು ಕಾಲು ನೋವು ಬರುತ್ತೆ." ಮೂಲೆಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕುತ್ತಿಗೆಯಲ್ಲಿ ಮ್ಯೂಸಿಯಮ್ಮಿನ ಗುರುತಿನ ಪಟ್ಟಿ, ತೊಡೆಯ ಮೇಲೆ ಅರ್ಧ ಹೆಣೆದ ಸ್ವೆಟರು. ಅವನಿಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಮೇಲ್ತುಟಿಯಲ್ಲಿ ಅದೇ ಪುಟ್ಟ ಕೊಂಕು. ಪಕ್ಕದ ಕುರ್ಚಿಯ ಮೇಲಿದ್ದ ಉಲ್ಲನ್ ಉಂಡೆಯನ್ನು ಎತ್ತಿ ಜಾಗ ಮಾಡಿದಳು. ಅವನು ಕೂತ ಮೇಲೆ ಹನ್ನೆರಡನೆಯ ಮುಖದ ಕಡೆ ತೋರಿಸಿದಳು. "ಅವನು ನನ್ನ ತಮ್ಮ. ಕೇಳ್ತೀರಾ, ಹೇಳ್ಲಾ? ಬಂದವರಿಗೆಲ್ಲ ಹೇಳ್ತೀನಿ, ಇಲ್ಲಿ ನನ್ನ ಕೆಲಸಾನೇ ಅದು." ದನಿಯಲ್ಲಿ ಸಾವಿರ ಸಲ ಹೇಳಿದವರ ಸರಾಗ ಇತ್ತು. "ಆಗ ನಾನು ಇದೇ ಕಟ್ಟಡದಲ್ಲಿ ಆಪರೇಟರು. ನೋಡಿ, ಅಲ್ಲಿ ಬೋರ್ಡು ಇತ್ತು, ಇಲ್ಲಿ ನಾನು ಕೂರ್ತಿದ್ದೆ. ಅಪ್ಪ ಅಮ್ಮ ಇರ್ಲಿಲ್ಲ, ಇದ್ದದ್ದು ನಾವಿಬ್ರೇ. ಈ ಫೋಟೋ ತೆಗೆದ ದಿನ ಅವನಿಗೆ ಕೆಂಡದಂಥ ಜ್ವರ. ಬೆಳಿಗ್ಗೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿ ಡ್ಯೂಟಿಗೆ ಬಂದೆ. ಸಂಜೆ ಹೋದಾಗ ಹೇಗೆ ಮಲಗಿದ್ನೋ ಹಾಗೇ ಮಲಗಿದ್ದ. ನಡುವೆ ಎದ್ದು ಮೀಟಿಂಗಿಗೆ ಹೋಗಿ ಬಂದಿದಾನೆ, ಕಳ್ಳ! ಅದೂ ತಲೆ ಬಾಚ್ಕೊಂಡು. ಹುಟ್ಟಿದಾಗಿಂದ ಬಾಚಣಿಗೆ ಮುಟ್ಟಿದೋನಲ್ಲ ಅವನು." ಅವಳು ಸೂಜಿಯಿಂದ ಸಾಲಿನ ಮೂರನೆಯ ಮುಖ ತೋರಿಸಿದಳು. ಎರಡು ಜಡೆಯ, ಹುಬ್ಬು ಕೂಡಿದ ಹುಡುಗಿ. "ಇವಳಿಗೋಸ್ಕರ. ಇನ್ಯಾರಿಗೆ ಬಾಚ್ಕೋತಾನೆ? ಈಗ ದೊಡ್ಡ ಡಾಕ್ಟರು. ಬಿಡುಗಡೆ ಆದ್ಮೇಲೆ ಪಾಪ, ನನ್ನನ್ನ ನೋಡೋಕೆ ಅಂತ ಬರ್ತಿದ್ಲು. ಅವನು ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ಲ ಅಕ್ಕ ಅಂತ ನನ್ನ ಮುಖಕ್ಕೇ ಹೇಳಿದ್ಲು. ಒಬ್ಬರಿಗೊಬ್ಬರು ಹೆಸರು ಹೇಳ್ಕೊಳ್ತಾ ಇರ್ಲಿಲ್ಲವಂತೆ, ಅದೇನೋ ನಿಜಾನೇ. ಆದ್ರೆ ಇನ್ನಿಬ್ರು, ಹೌದು, ಇವನು ಕಿಟಕಿ ಪಕ್ಕ ಕೂತಿದ್ದ ಅಂತ ಫೋಟೋ ನೋಡಿ ಹೇಳಿದ್ರಲ್ಲ? ಸುಳ್ಳಿ ಅಂತ ಬೈದು ಬಾಗಿಲು ಹಾಕಿದೆ. ಮತ್ತೆ ಬರ್ಲಿಲ್ಲ." ಸ್ವಲ್ಪ ಹೊತ್ತು ಹೆಣೆದಳು. ಆಮೇಲೆ ಬಂದ ಮಾತು ಎಲ್ಲರಿಗೂ ಹೇಳುವ ಮಾತಿನ ಹಾಗಿರಲಿಲ್ಲ. "ನನ್ನ ಹತ್ರ ಹೇಳ್ಬಹುದಿತ್ತು ಅವನು. ನಾನೇನು ಬೇಡ ಅಂತಿದ್ನಾ? ಸಾಯೋವರೆಗೂ ಅಕ್ಕನ ಹತ್ರ ಮುಚ್ಚಿಟ್ನಲ್ಲ. ಅದೊಂದೇ ನನಗೆ."

ಸುಮ್ಮನೆ ಎದ್ದು ಹೋಗಬಹುದಿತ್ತು. ಅವಳ ಮಾತು ಮುಗಿದಿತ್ತು, ಕೈ ಮುಗಿದರೆ ಸಾಕಾಗಿತ್ತು. ಹೇಳಿದರೆ ತಮ್ಮನನ್ನು ಗೋಡೆಯಿಂದ ಕಿತ್ತುಕೊಂಡಂತೆ, ಹೇಳದಿದ್ದರೆ ಈ ಮುನಿಸನ್ನು ಹೊತ್ತುಕೊಂಡೇ ಅವಳು ಸಾಯುವಂತೆ. "ಅಕ್ಕಾ," ಎಂದ. ಅವಳು ಚಿಕ್ಕವಳು, ಆದರೆ ಬೇರೆ ಏನೆನ್ನಲೂ ತೋಚಲಿಲ್ಲ. "ಅವನು ಎದ್ದು ಹೋಗ್ಲಿಲ್ಲ."

"ಏನಂದ್ರಿ?"

ಅವನು ಗೋಡೆಯ ಹತ್ತಿರ ಹೋಗಿ ಮೂಗಿನ ನೆರಳುಗಳನ್ನು ಒಂದೊಂದಾಗಿ ತೋರಿಸಿದ. ಎಡಕ್ಕೆ ಬೆಳಕು, ಬಲಕ್ಕೆ ನೆರಳು, ಇಲ್ಲೂ ಹಾಗೆ, ಇಲ್ಲೂ. ಇಲ್ಲಿ ಮಾತ್ರ ತಿರುಗುಮುರುಗು. ತಾನು ಯಾರು, ಎಲ್ಲಿ ಕೆಲಸಕ್ಕಿದ್ದೆ, ಒರೆಸಿದಂತಿದ್ದ ಮುಖದ ಮೇಲೆ ಕೈಗೆ ನೆನಪಿದ್ದ ಮುಖ ಹೇಗೆ ಬಂದು ಕೂತಿತು ಎಂಬುದನ್ನೆಲ್ಲ, ಪಾಠ ಒಪ್ಪಿಸುವ ಹಾಗೆ, ಗೋಡೆಗೆ ಮುಖ ಮಾಡಿಕೊಂಡೇ ಹೇಳಿದ. ತಿರುಗಿದಾಗ ಅವಳು ಸ್ವೆಟರನ್ನು ಕೆಳಗಿಟ್ಟಿದ್ದಳು. ಅವಳ ಬಲಗೈ ಗಾಳಿಯಲ್ಲಿ ಯಾರದೋ ಗಲ್ಲ ಹಿಡಿದ ಹಾಗೆ ಎದ್ದಿತ್ತು.

"ಹಾಲ್ ಟಿಕೆಟ್ಟಿಗೆ ನಾನೇ ಬಾಚಿದ್ದು," ಅಂದಳು. "ಹಿಡಿದು ಕೂರಿಸಿ, ನೀರು ಹಚ್ಚಿ. ಬಿಡೇ ಅಕ್ಕ, ಬಿಡೇ ಅಂತಿದ್ದ." ಆಮೇಲೆ ಅವಳ ಮುಖದಲ್ಲಿ ಒಂದು ಗೆಲುವು ಕಾಣಿಸಿಕೊಂಡಿತು, ಅದು ಬಂದದ್ದು ಅವಳಿಗೇ ತಿಳಿಯದ ಹಾಗೆ. "ಹಾಗಾದ್ರೆ ಮಲಗೇ ಇದ್ದ."

"ಮಲಗೇ ಇದ್ದ."

"ನನಗೆ ಸುಳ್ಳು ಹೇಳ್ಲಿಲ್ಲ."

"ಇಲ್ಲಕ್ಕ."

ಗೆಲುವು ಎಷ್ಟು ಹೊತ್ತು ನಿಂತೀತು? ಬರಹದ ಪಟ್ಟಿಯ ಮೇಲೆ ಅವಳ ಕಣ್ಣು ಹೋಯಿತು, ಅಲ್ಲಿಂದ ಎರಡು ಜಡೆಯ ಹುಡುಗಿಯ ಕಡೆಗೆ, ಅಲ್ಲಿಂದ ನೆಲಕ್ಕೆ. "ಮತ್ತೆ ಯಾಕೆ ಸತ್ತ ಅವನು?" ಎಂದು ನೆಲವನ್ನೇ ಕೇಳಿದಳು. ಕಿಟಕಿ ಪಕ್ಕ ಕೂತಿದ್ದವನು ಹಾಗಾದರೆ ಯಾರು ಎಂದಳು. ಅದು ಅವನಿಗೆ ಗೊತ್ತಿರಲಿಲ್ಲ. ಎಲ್ಲೋ ಒಂದು ಊರಲ್ಲಿ, ಮೊಮ್ಮಕ್ಕಳನ್ನು ಆಡಿಸಿಕೊಂಡು, ಬಾಯಿ ಹೊಲಿದುಕೊಂಡು ಇದ್ದಾನೋ ಏನೋ. ತನ್ನ ಹಾಗೆ. ಬಯ್ಯುತ್ತಾಳೆ, ಎದ್ದು ಕೆನ್ನೆಗೆ ಬಾರಿಸುತ್ತಾಳೆ ಎಂದು ಕಾದ. ಅದಕ್ಕಾಗಿಯೇ ಬಂದಿದ್ದ ಎಂದರೂ ಸರಿಯೇ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಬಹಳ ದಣಿದವಳ ಹಾಗೆ, "ನಿಮ್ಮನ್ನ ಹೆದರಿಸಿರ್ತಾರೆ," ಅಂದಳು. "ಹೆಂಡತಿ ಮನೆ ಅಂತ ಏನೇನೋ ಹೇಳಿ ಹೆದರಿಸಿರ್ತಾರೆ. ಆಗ ಯಾರಿಗೆ ಹೆದರಿಕೆ ಇರ್ಲಿಲ್ಲ ಹೇಳಿ? ನಾವೂ ಇಲ್ಲಿ ಕೂತು ಪೊಲೀಸರು ಹೇಳಿದ ಫೋನ್ ಲೈನನ್ನೆಲ್ಲ ಅವರಿಗೆ ಕದ್ದು ಕೇಳಿಸ್ತಿದ್ವಿ. ನಾನೂ ಕೇಳಿಸಿದೀನಿ."

"ಹೂಂ," ಎಂದ ಅವನು.

ಎಷ್ಟು ಸಲೀಸಾಗಿ ಬಂತು ಆ ಹೂಂ! ನಲವತ್ತೆರಡು ವರ್ಷ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅವಳು ನೀರಿನ ಬಾಟಲಿ ತೆಗೆದು ಕೊಟ್ಟಳು. ಅವನು ಕುಡಿದ. ಹೆಂಡತಿ ಹೋದ ಮೇಲೆ ಇನ್ನೊಬ್ಬರ ಕೈಯಿಂದ ನೀರು ಇಸಿದುಕೊಂಡು ಕುಡಿದದ್ದು ಇದೇ ಮೊದಲು. ಇಬ್ಬರು ಹೆದರಿದವರು ಪಕ್ಕಪಕ್ಕ ಎರಡು ಕುರ್ಚಿಯಲ್ಲಿ ಕೂತಿದ್ದರು, ಏನೋ ಒಂದು ಸಂಬಂಧ ಹುಟ್ಟಿಬಿಟ್ಟ ಹಾಗಿತ್ತು. ನಾಳೆಯೂ ಬರಬಹುದು, ಉಲ್ಲನ್ ಉಂಡೆಯನ್ನು ಎತ್ತಿ ಅವಳು ಜಾಗ ಮಾಡಿಕೊಡುತ್ತಾಳೆ ಎಂದು ಅವನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಆದರೆ ನೀರು ಗಂಟಲಿನಿಂದ ಕೆಳಗೆ ಇಳಿಯುತ್ತಿದ್ದಂತೆ, ಇದು ಕೂಡ ತನ್ನ ಕೈಚಳಕವೇ ಎಂದು ಅವನಿಗೆ ಹೊಳೆಯಿತು. ಅವಳು ತಾನಾಗಿ ತೋರಿಸಿದ ಖಾಲಿ ಜಾಗದಲ್ಲಿ ಹೆದರಿದವನೊಬ್ಬನ ಮುಖವನ್ನು ಒಪ್ಪವಾಗಿ ಬರೆದು ಕೊಟ್ಟಿದ್ದ.

ಬಾಗಿಲಲ್ಲಿ ಗದ್ದಲವಾಯಿತು. ನರ್ಸಿಂಗ್ ಕಲಿಯುವ ಹುಡುಗಿಯರು, ಇಪ್ಪತ್ತೈದು ಮೂವತ್ತು ಜನ, ಎಲ್ಲರಿಗೂ ಒಂದೇ ನೀಲಿ ಸಮವಸ್ತ್ರ. ಅವರ ಟೀಚರು "ಶ್" ಎನ್ನುತ್ತ ಎಲ್ಲರನ್ನೂ ಗೋಡೆಯ ಮುಂದೆ ಅರ್ಧಚಂದ್ರದ ಹಾಗೆ ನಿಲ್ಲಿಸಿ, "ಅಕ್ಕ ಹೇಳ್ತಾರೆ, ಬರ್ಕೊಳ್ಳಿ," ಅಂದಳು. ಹೆಂಗಸು ಮಂಡಿಯ ಮೇಲೆ ಕೈಯೂರಿ ಎದ್ದಳು. ಇವತ್ತು ಆಗಲ್ಲ ಎಂದು ಹೇಳುತ್ತಾಳೆಂದು ಅವನು ಅಂದುಕೊಂಡ. ಅವಳು ಹನ್ನೆರಡನೆಯ ಮುಖದ ಕೆಳಗೆ ಹೋಗಿ ನಿಂತಳು. "ಇವನು ನನ್ನ ತಮ್ಮ," ಎಂದಳು. ಬರಹದ ಪಟ್ಟಿಯ ಮೇಲೊಮ್ಮೆ ಕೈಯಾಡಿಸಿದಳು. "ಈ ಫೋಟೋ ತೆಗೆದಾಗ ಇವನು ಅಲ್ಲಿರ್ಲಿಲ್ಲ. ಜ್ವರ ಬಂದು ಮನೇಲಿ ಮಲಗಿದ್ದ."

ಬರೆಯುತ್ತಿದ್ದ ಪೆನ್ನುಗಳು ನಿಂತವು. ಟೀಚರು ಬರಹದ ಪಟ್ಟಿಯನ್ನೂ ಅವಳನ್ನೂ ಒಂದೊಂದು ಸಲ ನೋಡಿದಳು. ಮುಂದಿದ್ದ ಕನ್ನಡಕದ ಹುಡುಗಿ ಅರ್ಧ ಕೈಯೆತ್ತಿ, "ಮತ್ತೆ ಮುಖ ಇದೆಯಲ್ಲ ಅಕ್ಕ?" ಎಂದು ಕೇಳಿದಳು.

"ಅದನ್ನ ಬರೆದದ್ದು ಇವರು." ಅವಳು ಅವನ ಕಡೆ ಕೈ ತೋರಿಸಿದಳು. ದನಿಯಲ್ಲಿ ಕಹಿ ಇರಲಿಲ್ಲ. "ಪಾಪ, ಇವರನ್ನ ಹೆದರಿಸಿ ಬರೆಸಿದ್ರು. ಅವರೇ ಹೇಳ್ತಾರೆ, ಕೇಳಿ." ಅಷ್ಟು ಹೇಳಿ ಬಂದು ಕುರ್ಚಿಯಲ್ಲಿ ಕುಸಿದಳು.

ಮೂವತ್ತು ಮುಖಗಳು ಅವನ ಕಡೆ ತಿರುಗಿದವು. ಒಂದರ ಮೇಲೂ ಗೆರೆ ಇರಲಿಲ್ಲ, ಪೆನ್ಸಿಲ್ ತಾಗಿಸುವ ಅಗತ್ಯವೇ ಇಲ್ಲದ ಮುಖಗಳು. ಎಲ್ಲದರಲ್ಲೂ ಅವನಿಗಾಗಿ ಮರುಕವಿತ್ತು. ಕನ್ನಡಕದ ಹುಡುಗಿಯ ಕಣ್ಣಲ್ಲಂತೂ ನೀರೇ ಬಂದಿತ್ತು. ಅವನು ಎದ್ದು ನಿಂತ.

"ಇಲ್ಲ," ಎಂದ. ಮತ್ತೆ ಹೇಳಿದ. "ಇಲ್ಲ, ನನ್ನನ್ನ ಯಾರೂ ಹೆದರಿಸ್ಲಿಲ್ಲ. ಆಗದೇ ಇದ್ರೆ ಬಿಡಿ ಅಂದಿದ್ರು. ಮಾಡ್ತೀನಿ ಅಂದದ್ದು ನಾನೇ."

ಪಕ್ಕದಲ್ಲಿ ಅಕ್ಕ ತಲೆಯೆತ್ತಿದ್ದು ಅವನಿಗೆ ಗೊತ್ತಾಯಿತು. ಆ ಕಡೆ ನೋಡುವ ಧೈರ್ಯವಾಗದೆ ಹುಡುಗಿಯರನ್ನೇ ನೋಡುತ್ತ ಉಳಿದದ್ದನ್ನೂ ಹೇಳಿದ.

"ಚೆನ್ನಾಗಿ ಬಂದಿದೆ ಅಂತ ಅವರು ಹೊಗಳಿದಾಗ ನನಗೆ ತುಂಬಾ ಸಂತೋಷ ಆಗಿತ್ತು."